ಹೊಸ ಕ್ಯಾಪ್ ಹಾಕಿದ ಹಲ್ಲು ನೋಯುತ್ತಿದ್ದರೆ: ದೋಷ ಎಲ್ಲಿದೆ ಎಂದು ಗುರುತಿಸುವ ಕ್ರಮ

ಹಲ್ಲಿಗೆ ಹೊಸ ಕ್ಯಾಪ್ ಕೂರಿಸಿಕೊಂಡು ಬಂದವರನ್ನು ಮೊದಲ ವಾರದಲ್ಲಿ ಕಾಡುವ ಸಂಶಯ ಒಂದೇ: ಈ ನೋವು ತಾನಾಗಿ ಹೋಗುವಂಥದ್ದೋ, ಮತ್ತೆ ಡಾಕ್ಟರ ಹತ್ತಿರ ಹೋಗಬೇಕೋ? ಕೇರಳದ ಗಡಿಯೊಳಗಿನ ಕಾಸರಗೋಡು ಜಿಲ್ಲೆಯ ಪೆರ್ಲ, ಬಾಯಾರು, ಮುಳ್ಳೇರಿಯ ಕಡೆಯವರಿಗೆ ಈ ಪ್ರಶ್ನೆಯ ಭಾರ ಇನ್ನೂ ಹೆಚ್ಚು. ಕ್ಯಾಪ್ ಹಾಕಿಸಿದ್ದು ಮಂಗಳೂರಿನಲ್ಲೋ ದೇರಳಕಟ್ಟೆಯಲ್ಲೋ ಆಗಿದ್ದರೆ ಬಸ್ಸು ಬದಲಿಸಿ ಹೋಗಿ ಬರುವಷ್ಟರಲ್ಲಿ ಒಂದು ದಿನದ ಕೆಲಸ ಹೋಯಿತು. ‘ಇನ್ನೆರಡು ದಿನ ನೋಡುವ’ ಎಂದು ಮುಂದೂಡುವುದು ಸಹಜ. ಕೆಲವು ದೋಷಗಳಲ್ಲಿ ಹಾಗೆ ಕಾದರೆ ಏನೂ ತೊಂದರೆಯಿಲ್ಲ. ಇನ್ನು ಕೆಲವದರಲ್ಲಿ ಕಾದಷ್ಟೂ ಹಲ್ಲಿಗೇ ಕುತ್ತು.

ಎರಡನ್ನೂ ಬೇರ್ಪಡಿಸಲು ನೋವು ಎಷ್ಟಿದೆ ಎಂಬುದಕ್ಕಿಂತ ಯಾವಾಗ ಬರುತ್ತದೆ ಎಂಬುದನ್ನು ಗಮನಿಸಿ. ಕಚ್ಚಿದಾಗ ಮಾತ್ರ ಬರುವ ನೋವು, ತಣ್ಣನೆಯದು ತಾಗಿದಾಗ ಬರುವ ನೋವು, ಸುಮ್ಮನೆ ಮಲಗಿದ್ದಾಗ ತಾನಾಗಿ ಏಳುವ ನೋವು, ವಸಡಿನ ನೋವು ಇವು ನಾಲ್ಕೂ ಬೇರೆ ಬೇರೆ ಜಾಗದಿಂದ ಹುಟ್ಟುತ್ತವೆ. ನಾಲ್ಕಕ್ಕೂ ಒಂದೇ ಮಾತ್ರೆ ನುಂಗಿ ಕೂತರೆ ಮೂಲ ಸಿಗುವುದಿಲ್ಲ.

ಹುಡುಕಾಟಕ್ಕೆ ಮೊದಲು ತಿಳಿದಿರಬೇಕಾದ್ದು ಇನ್ನೊಂದಿದೆ. ಕ್ಯಾಪಿನ ಅಡಿಯ ಹಲ್ಲಿಗೆ ರೂಟ್ ಕೆನಾಲ್ ಆಗಿದೆಯೇ, ಅಥವಾ ನರ ಜೀವಂತವಾಗಿದೆಯೇ? ರೂಟ್ ಕೆನಾಲ್ ಆದ ಹಲ್ಲಿಗೆ ತಣ್ಣಗೆ ಬಿಸಿ ಗೊತ್ತಾಗುವುದಿಲ್ಲ, ಒಳಗಿನ ನರವನ್ನೇ ತೆಗೆದಿರುತ್ತಾರೆ. ಆದರೆ ಕಚ್ಚಿದ ಒತ್ತಡ ಗೊತ್ತಾಗುತ್ತದೆ, ಏಕೆಂದರೆ ಆ ಅರಿವು ಇರುವುದು ಬೇರಿನ ಸುತ್ತಲಿನ ನಾರಿನ ಪದರದಲ್ಲಿ. ಹಾಗಾಗಿ ರೂಟ್ ಕೆನಾಲ್ ಆದ ಹಲ್ಲಿನ ಕಡೆ ತಣ್ಣೀರಿಗೆ ಜುಂ ಎಂದರೆ ಮೊದಲ ಸಂಶಯ ಪಕ್ಕದ ಹಲ್ಲಿನ ಮೇಲೆ ಹೋಗಬೇಕು.

ಮೊದಲ 24 ಗಂಟೆ

ಕ್ಯಾಪ್ ಕೂರಿಸುವ ಸಿಮೆಂಟು ಬಾಯೊಳಗೆ ಕೆಲವೇ ನಿಮಿಷಗಳಲ್ಲಿ ಹಿಡಿದುಕೊಳ್ಳುತ್ತದೆ. ಆದರೆ ಹೆಚ್ಚಿನ ಕಡೆ ಬಳಸುವ ಗ್ಲಾಸ್ ಅಯೊನೊಮರ್ ಸಿಮೆಂಟಿಗೆ ಪೂರ್ತಿ ಬಲ ಬರಲು ಸುಮಾರು ಒಂದು ದಿನ ಬೇಕು. ಆ ದಿನ ಇನ್ನೊಂದು ಬದಿಯಲ್ಲಿ ಅಗಿಯಿರಿ. ಇಂಜೆಕ್ಷನ್ ಕೊಟ್ಟಿದ್ದರೆ ಮರಗಟ್ಟಿದ್ದು ಬಿಡುವ ತನಕ ಅಗಿಯುವ ಆಹಾರವೇ ಬೇಡ. ಕೆಳದವಡೆಗೆ ಕೊಟ್ಟ ಇಂಜೆಕ್ಷನ್ ತುಟಿ, ನಾಲಿಗೆಗಳನ್ನು 3ರಿಂದ 5 ಗಂಟೆ ಮರಗಟ್ಟಿಸಿಡುತ್ತದೆ. ಆ ಹೊತ್ತಿನಲ್ಲಿ ಬಿಸಿ ಬಿಸಿ ಗಂಜಿ ಉಂಡರೆ ತುಟಿ ಸುಟ್ಟದ್ದೂ, ಕೆನ್ನೆ ಕಚ್ಚಿದ್ದೂ ತಿಳಿಯುವುದಿಲ್ಲ. ಮರುದಿನ ಆ ಗಾಯದ ನೋವನ್ನೇ ಕ್ಯಾಪಿನ ನೋವೆಂದು ತಪ್ಪು ತಿಳಿಯುವವರೂ ಇದ್ದಾರೆ. ಮೊದಲು ಕನ್ನಡಿ ಹಿಡಿದು ಕೆನ್ನೆಯ ಒಳಬದಿ ನೋಡಿಕೊಳ್ಳಿ.

ಉಗುರು ಬೆಚ್ಚಗಿನ ಕುಚ್ಚಲಕ್ಕಿ ಗಂಜಿ, ನೀರುದೋಸೆ, ಇಡ್ಲಿ, ಸೇಮಿಗೆ ಆಗಬಹುದು. ಮಾಂಬಳ, ಹಲ್ವ, ನೆಲಗಡಲೆ ಚಿಕ್ಕಿಯಂಥ ಅಂಟುವ ತಿಂಡಿ ಆ ದಿನ ಬೇಡವೇ ಬೇಡ, ಅವು ಕ್ಯಾಪನ್ನು ಮೇಲಕ್ಕೆ ಎಳೆಯುತ್ತವೆ. ರಾತ್ರಿ ಹಲ್ಲುಜ್ಜುವುದನ್ನು ಮಾತ್ರ ಬಿಡಬೇಡಿ. ಮೃದು ಬ್ರಶ್ ಹಿಡಿದು ಕ್ಯಾಪಿನ ಮೇಲೂ ವಸಡಿನ ಅಂಚಿನಲ್ಲೂ ಉಜ್ಜಬಹುದು.

ಕಚ್ಚಿದಾಗ ನೋವು

ಹೊಸ ಕ್ಯಾಪಿನಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು, ಅತಿ ಸುಲಭವಾಗಿ ಸರಿಮಾಡಬಹುದಾದದ್ದೂ ಇದೇ. ಆದರೂ ‘ಅಭ್ಯಾಸವಾಗುತ್ತದೆ’ ಎಂದು ಜನ ತಿಂಗಳುಗಟ್ಟಲೆ ಸಹಿಸುವುದೂ ಇದನ್ನೇ. ಅಭ್ಯಾಸವಾಗುವುದು ನಾಲಿಗೆಗೆ, ಕ್ಯಾಪಿನ ಹೊಸ ಆಕಾರಕ್ಕೆ. ಅದಕ್ಕೆ ಮೂರು ನಾಲ್ಕು ದಿನ ಸಾಕು. ಎತ್ತರವಾಗಿ ಕೂತ ಕ್ಯಾಪಿಗೆ ಹಲ್ಲು ಅಭ್ಯಾಸವಾಗುವುದಿಲ್ಲ, ಏಟು ತಿನ್ನುತ್ತಲೇ ಇರುತ್ತದೆ.

ಎಷ್ಟು ಎತ್ತರವಾದರೆ ತೊಂದರೆ? ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಮೇಲಿನ ಕೆಳಗಿನ ಹಲ್ಲುಗಳ ನಡುವೆ 20 ಮೈಕ್ರಾನಿನಷ್ಟು ತೆಳುವಾದದ್ದು ಸಿಕ್ಕಿದರೂ ಹೆಚ್ಚಿನವರಿಗೆ ಗೊತ್ತಾಗುತ್ತದೆ. ಅಂದರೆ ಕೂದಲೆಳೆಯ ಮೂರರಲ್ಲೊಂದು ಪಾಲು. ಹಲ್ಲಿನ ಬೇರಿಗೂ ಎಲುಬಿಗೂ ನಡುವೆ ಇರುವ ನಾರಿನ ಪದರ ಕಾಲು ಮಿಲಿಮೀಟರಿನ ಆಸುಪಾಸು ಮಾತ್ರ. ಒಂದು ಕ್ಯಾಪ್ ಮಾತ್ರ ಎತ್ತರವಾಗಿದ್ದರೆ ಅಷ್ಟೂ ಹಲ್ಲುಗಳು ಹಂಚಿಕೊಳ್ಳಬೇಕಾದ ಒತ್ತಡ ಆ ಒಂದೇ ಹಲ್ಲಿನ ಮೇಲೆ, ಪ್ರತಿ ತುತ್ತಿಗೂ, ಪ್ರತಿ ಸಲ ಉಗುಳು ನುಂಗಿದಾಗಲೂ ಬೀಳುತ್ತದೆ. ನಾರಿನ ಪದರ ಕೆರಳುತ್ತದೆ. ಹಲ್ಲು ಮುಟ್ಟಿದರೆ ನೋವು, ಕೆಲವೊಮ್ಮೆ ತುಸು ಅಲುಗಾಟ, ಜತೆಗೆ ತಣ್ಣೀರಿಗೆ ಜುಂ ಎನ್ನುವುದೂ ಶುರುವಾಗುತ್ತದೆ. ಕಿವಿಯ ಮುಂದಿನ ಕೀಲು ನೋಯಬಹುದು, ಎದುರು ಹಲ್ಲು ನೋಯಬಹುದು, ಕ್ಯಾಪಿನ ಪಿಂಗಾಣಿಯೇ ಚಕ್ಕೆ ಏಳಬಹುದು.

ಮನೆಯಲ್ಲಿ ಹೀಗೆ ಪರೀಕ್ಷಿಸಿ. ಮರಗಟ್ಟಿದ್ದು ಪೂರ್ತಿ ಬಿಟ್ಟ ಮೇಲೆ ಕುರ್ಚಿಯಲ್ಲಿ ನೇರವಾಗಿ ಕೂತು, ತಲೆಯನ್ನು ಒರಗಿಸದೆ, ಹಲ್ಲುಗಳನ್ನು ಮೆಲ್ಲಗೆ ಟಕ್ ಟಕ್ ಎಂದು ತಾಗಿಸಿ. ಎರಡೂ ಬದಿ ಒಟ್ಟಿಗೆ ತಾಗಿದರೆ ಸರಿ. ಕ್ಯಾಪ್ ಇರುವ ಜಾಗ ಮೊದಲು ತಾಗಿ, ಉಳಿದ ಹಲ್ಲು ಮುಟ್ಟಲು ಮತ್ತೆ ಸ್ವಲ್ಪ ಒತ್ತಬೇಕಾಗಿ ಬಂದರೆ ಕ್ಯಾಪ್ ಎತ್ತರವಿದೆ. ಇನ್ನೂ ಖಾತ್ರಿ ಬೇಕೆಂದರೆ ಶುಚಿಯಾದ ತೆಳು ಪ್ಲಾಸ್ಟಿಕ್ ತೊಟ್ಟೆಯಿಂದ 1 ಸೆಂಟಿಮೀಟರ್ ಅಗಲ, 7–8 ಸೆಂಟಿಮೀಟರ್ ಉದ್ದದ ಪಟ್ಟಿ ಕತ್ತರಿಸಿ. ಅದನ್ನು ಕ್ಯಾಪಿನ ಮೇಲಿಟ್ಟು ಮೆಲ್ಲಗೆ ಕಚ್ಚಿ ಹೊರಕ್ಕೆ ಎಳೆಯಿರಿ. ಆಮೇಲೆ ಇನ್ನೊಂದು ಬದಿಯ ಅದೇ ಹಲ್ಲಿನ ಮೇಲೂ ಹಾಗೆಯೇ ಮಾಡಿ. ಎರಡೂ ಕಡೆ ಒಂದೇ ಬಿಗಿ ಇರಬೇಕು. ಕ್ಯಾಪಿನ ಕಡೆ ಪಟ್ಟಿ ಬಿಗಿಯಾಗಿ ಹಿಡಿದು, ಇನ್ನೊಂದು ಬದಿಯಲ್ಲಿ ಸರಾಗವಾಗಿ ಜಾರಿದರೆ ಸಂಶಯವೇ ಬೇಡ. ಕ್ಯಾಪಿನ ಕಡೆಯೇ ಜಾರಿ ಬಂದರೆ ಅದು ಎದುರು ಹಲ್ಲಿಗೆ ತಾಗುತ್ತಲೇ ಇಲ್ಲ. ಅದೂ ಒಂದು ದೋಷವೇ, ಆದರೆ ನೋವು ಕೊಡುವುದಿಲ್ಲ.

ಹಾಕುವಾಗಲೇ ಡಾಕ್ಟರು ನೋಡಲಿಲ್ಲವೇ ಎಂದು ಅನ್ನಿಸಬಹುದು. ನೋಡಿರುತ್ತಾರೆ. ಆದರೆ ಮರಗಟ್ಟಿದ ದವಡೆಯಲ್ಲಿ ನೀವು ಕಚ್ಚುವುದು ಎಂದಿನಂತೆ ಇರುವುದಿಲ್ಲ. ಅಂಗಾತ ಮಲಗಿದಾಗ ಕೆಳದವಡೆ ತುಸು ಹಿಂದಕ್ಕೆ ಜಾರಿರುತ್ತದೆ, ಎದ್ದು ಕೂತಾಗ ತಾಗುವ ಜಾಗ ಬದಲಾಗುತ್ತದೆ. ಸಿಮೆಂಟು ದಪ್ಪವಾಗಿ ಕಲಸಿದ್ದರೆ ಅಥವಾ ಪಕ್ಕದ ಹಲ್ಲಿಗೆ ತೀರಾ ಬಿಗಿಯಾಗಿದ್ದರೆ, ಮೊದಲು ಹಾಕಿ ನೋಡಿದಾಗ ಸರಿಯಾಗಿ ಕೂತ ಕ್ಯಾಪ್ ಅಂಟಿಸುವಾಗ ಪೂರ್ತಿ ಕೆಳಗಿಳಿಯದೆ ನಿಂತಿರಲೂಬಹುದು. ಇದರಲ್ಲಿ ಯಾರನ್ನೂ ದೂರುವಂಥದ್ದಿಲ್ಲ. ಮಾಡಬೇಕಾದ್ದು ಒಂದೇ, ಎರಡು ಮೂರು ದಿನದೊಳಗೆ ವಾಪಸ್ ಹೋಗಿ ಉಜ್ಜಿಸಿಕೊಳ್ಳುವುದು.

ಅಲ್ಲಿ ಅವರು ಹಲ್ಲನ್ನು ಒಣಗಿಸಿ ಬಣ್ಣದ ತೆಳು ಕಾಗದ ಕಚ್ಚಿಸುತ್ತಾರೆ. ಒದ್ದೆ ಕ್ಯಾಪಿನ ಮೇಲೆ ಗುರುತು ಬೀಳುವುದಿಲ್ಲ, ಅದಕ್ಕೇ ಮೊದಲು ಗಾಳಿ ಊದುವುದು. ಎಲ್ಲ ಗುರುತೂ ದೋಷವಲ್ಲ. ನಸುವಾಗಿ, ಚುಕ್ಕಿಯಾಗಿ ಬಿದ್ದದ್ದು ಸಹಜ ಸ್ಪರ್ಶ. ಸುತ್ತ ನೀಲಿಯ ಬಳೆ, ನಡುವೆ ಬಣ್ಣವೇ ಇಲ್ಲದೆ ಬಿಳಿಯಾಗಿ ಹೊಳೆಯುವ ಚುಕ್ಕಿ ಕಂಡರೆ ಅಲ್ಲೇ ಹೆಚ್ಚು ಒತ್ತಡ ಬೀಳುತ್ತಿದೆ ಎಂದರ್ಥ, ಅಷ್ಟು ಬಲವಾಗಿ ಒತ್ತಿದ್ದರಿಂದ ಬಣ್ಣ ಪಕ್ಕಕ್ಕೆ ಸರಿದಿರುತ್ತದೆ. ಉಜ್ಜಬೇಕಾದ್ದು ಆ ಚುಕ್ಕಿಯನ್ನು. ಎದ್ದು ಕೂತ ಭಂಗಿಯಲ್ಲಿ ಇನ್ನೊಮ್ಮೆ ಕಚ್ಚಿಸಿ ನೋಡಿ ಎಂದು ಕೇಳಿ. ನೇರ ಕಚ್ಚುವುದಕ್ಕೆ ಒಂದು ಬಣ್ಣ, ದವಡೆಯನ್ನು ಎಡಕ್ಕೆ ಬಲಕ್ಕೆ ಜಾರಿಸುವುದಕ್ಕೆ ಇನ್ನೊಂದು ಬಣ್ಣ ಬಳಸಿದರೆ ಒಳ್ಳೆಯದು, ಅಡಿಕೆ ಅಗಿಯುವಾಗ, ಗಟ್ಟಿ ತುತ್ತು ಅರೆಯುವಾಗ ಮಾತ್ರ ಬರುವ ನೋವಿನ ಮೂಲ ಹೆಚ್ಚಾಗಿ ಈ ಪಕ್ಕದ ಜಾರಾಟದಲ್ಲೇ ಇರುತ್ತದೆ. ಜಿರ್ಕೋನಿಯ (ಲೋಹವಿಲ್ಲದ, ಬಹಳ ಗಟ್ಟಿಯಾದ ಬಿಳಿ ಪಿಂಗಾಣಿಯ ಬಗೆ) ಕ್ಯಾಪಾದರೆ ಉಜ್ಜಿದ ಜಾಗವನ್ನು ನುಣುಪು ಮಾಡಿಸಿಕೊಳ್ಳದೆ ಏಳಬೇಡಿ. ನುಣುಪಾದ ಜಿರ್ಕೋನಿಯ ಎದುರು ಹಲ್ಲನ್ನು ಅಷ್ಟಾಗಿ ಸವೆಸುವುದಿಲ್ಲ, ಉಜ್ಜಿ ಒರಟಾಗಿ ಬಿಟ್ಟದ್ದು ಸಾಣೆಕಲ್ಲಿನ ಹಾಗೆ ತೇಯುತ್ತದೆ. ಬೆರಳಿನ ತುದಿಗೂ ನಾಲಿಗೆಗೂ ಆ ಒರಟು ಗೊತ್ತಾಗುತ್ತದೆ.

ಎತ್ತರ ಇಳಿಸಿದ ಕೂಡಲೇ ಅರ್ಧ ನೋವು ಹೋದಂತೆ ಅನ್ನಿಸುತ್ತದೆ. ಉಳಿದದ್ದು ಕೆರಳಿದ ನಾರು ಸಮಾಧಾನವಾಗುತ್ತ ಒಂದೆರಡು ವಾರದಲ್ಲಿ ಇಳಿಯುತ್ತದೆ. ಉಜ್ಜಿಸಿ ಎರಡು ವಾರವಾದರೂ ಕಚ್ಚಿದರೆ ನೋಯುತ್ತಿದ್ದರೆ ಬೇರೆ ಕಾರಣ ಹುಡುಕಬೇಕು. ಅದರಲ್ಲೂ ಕಚ್ಚಿದಾಗ ಸುಮ್ಮನಿದ್ದು, ಬಿಟ್ಟಾಗ ಚುಳ್ ಎಂದರೆ ಹಲ್ಲಿನಲ್ಲಿ ಬಿರುಕು ಇರುವ ಸಾಧ್ಯತೆ ಇದೆ. ‘ಬಿಡುವಾಗ ನೋವು’ ಎಂಬ ಮಾತನ್ನು ಡಾಕ್ಟರಿಗೆ ಬಿಡಿಸಿ ಹೇಳಿ, ‘ಕಚ್ಚುವಾಗ ನೋವು’ ಎಂದಷ್ಟೇ ಹೇಳಿದರೆ ಅವರ ಹುಡುಕಾಟ ಬೇರೆ ದಾರಿ ಹಿಡಿಯುತ್ತದೆ.

ತಣ್ಣನೆಯದು ತಾಗಿದಾಗ

ಜೀವಂತ ಹಲ್ಲನ್ನು ಕ್ಯಾಪಿಗಾಗಿ ಸುತ್ತಲೂ 1ರಿಂದ 2 ಮಿಲಿಮೀಟರ್ ತನಕ ಉಜ್ಜಿರುತ್ತಾರೆ. ಒಳಗಿನ ನರ ಆ ಉಜ್ಜಾಟದಿಂದಲೇ ಬೆದರಿರುತ್ತದೆ. ಮೊದಲ ಒಂದೆರಡು ವಾರ ಫ್ರಿಜ್ಜಿನ ನೀರು, ತಂಪು ಪುನರ್ಪುಳಿ ಶರಬತ್ತು ತಾಗಿದರೆ ಜುಂ ಎನ್ನುವುದು ಸಹಜ. ಇಲ್ಲಿ ಬೇಕಾದ ಉಪಕರಣ ಗಡಿಯಾರ. ತಣ್ಣೀರು ಒಂದು ಗುಟುಕು ಆ ಬದಿಯಲ್ಲಿ ಹಿಡಿದು ನುಂಗಿ, ಜುಂ ಎಂದದ್ದು ಎಷ್ಟು ಸೆಕೆಂಡು ಉಳಿಯಿತು ಎಂದು ಎಣಿಸಿ. ಐದಾರು ಸೆಕೆಂಡಿನಲ್ಲಿ ನಿಂತುಹೋದರೆ, ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ ಕಾಯಬಹುದು. ಅರ್ಧ ನಿಮಿಷ ದಾಟಿಯೂ ಮಿಡಿಯುತ್ತಿದ್ದರೆ ನರ ಚೇತರಿಸಿಕೊಳ್ಳುವ ಹಂತ ಮೀರುತ್ತಿದೆ. ದಿನಾಂಕದ ಎದುರು ಸೆಕೆಂಡು ಬರೆದಿಡಿ, ಆ ನಾಲ್ಕು ಸಾಲು ಡಾಕ್ಟರಿಗೆ ತುಂಬ ಉಪಕಾರ.

ಪಕ್ಕದ ಹಲ್ಲಿನ ಬುಡದಲ್ಲಿ ವಸಡು ಜಾರಿ ಬೇರು ಹೊರಗೆ ಕಾಣುತ್ತಿದ್ದರೂ ಇದೇ ಜುಂ ಬರುತ್ತದೆ. ಹತ್ತಿಯನ್ನು ತಣ್ಣೀರಿನಲ್ಲಿ ಅದ್ದಿ ಒಂದೊಂದೇ ಹಲ್ಲಿನ ಬುಡಕ್ಕೆ ಮುಟ್ಟಿಸಿದರೆ ಯಾವುದೆಂದು ಗೊತ್ತಾಗುತ್ತದೆ. ಬೇರು ಕಾಣುವ ಹಲ್ಲಿಗೆ ಪೊಟ್ಯಾಸಿಯಮ್ ನೈಟ್ರೇಟ್ ಇರುವ ಟೂತ್‌ಪೇಸ್ಟನ್ನು ದಿನಕ್ಕೆ ಎರಡು ಸಲ ಬಳಸಿ, ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಉಮಿಕ್ಕರಿ, ಇದ್ದಿಲ ಪುಡಿ, ಉಪ್ಪುಹುಡಿ ಹಾಕಿ ತಿಕ್ಕುವ ರೂಢಿ ಮನೆಯಲ್ಲಿದ್ದರೆ ಅದನ್ನು ನಿಲ್ಲಿಸಿ. ಬೇರಿನ ಮೇಲ್ಮೈ ಮೃದು, ಈ ಒರಟು ಪುಡಿಗಳಿಗೆ ಬೇಗ ಸವೆಯುತ್ತದೆ, ಕ್ಯಾಪಿನ ಹೊಳಪೂ ಹೋಗುತ್ತದೆ.

ಕಾಯಲೇಬಾರದ ಚಿಹ್ನೆಗಳು

ಯಾರೂ ಮುಟ್ಟದೆ, ಏನೂ ತಿನ್ನದೆ ತಾನಾಗಿ ಏಳುವ ನೋವು. ಮಲಗಿದರೆ ಹೆಚ್ಚಾಗುವ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಮಿಡಿತ. ಬಿಸಿ ಚಹಾಕ್ಕೆ ನೋವೇರಿ, ತಣ್ಣೀರು ಬಾಯಲ್ಲಿಟ್ಟರೆ ಸಮಾಧಾನವಾಗುವುದು. ಇವು ನರ ಸಾಯುತ್ತಿರುವುದರ ಲಕ್ಷಣ, ರೂಟ್ ಕೆನಾಲ್ ಬೇಕಾಗುತ್ತದೆ. ಕ್ಯಾಪ್ ತೆಗೆಯಬೇಕೆಂದೇನೂ ಇಲ್ಲ. ಹೆಚ್ಚಿನ ಸಲ ಕ್ಯಾಪಿನಲ್ಲೇ ಸಣ್ಣ ತೂತು ಕೊರೆದು ಚಿಕಿತ್ಸೆ ಮುಗಿಸಿ ಮುಚ್ಚುತ್ತಾರೆ.

ಕೆನ್ನೆ ಅಥವಾ ಗಲ್ಲದ ಅಡಿ ಬಾತು ಜ್ವರ ಬಂದರೆ, ಬಾಯಿ ಎರಡು ಬೆರಳಿನಷ್ಟೂ ತೆರೆಯಲಾಗದಿದ್ದರೆ, ಉಗುಳು ನುಂಗಲು ಕಷ್ಟವಾದರೆ, ಉಸಿರಾಟಕ್ಕೆ ತೊಂದರೆಯಾದರೆ ಅದು ದಂತ ಕ್ಲಿನಿಕ್ ತೆರೆಯುವ ತನಕ ಕಾಯುವ ವಿಷಯವೇ ಅಲ್ಲ. ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ, ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಡಾಕ್ಟರ ಬಳಿ ತಲುಪುವ ತನಕದ ನೋವಿಗೆ ದೊಡ್ಡವರು ಪ್ಯಾರಾಸಿಟಮಾಲ್ 650 ಮಿಲಿಗ್ರಾಂನ ಒಂದು ಮಾತ್ರೆ, ಆರು ಗಂಟೆ ಅಂತರದಲ್ಲಿ, ದಿನಕ್ಕೆ ನಾಲ್ಕು ಮೀರದಂತೆ ತೆಗೆದುಕೊಳ್ಳಬಹುದು. ಲಿವರ್ ಕಾಯಿಲೆ ಇರುವವರು ಕೇಳಿಯೇ ತೆಗೆದುಕೊಳ್ಳಬೇಕು. ಮನೆಯಲ್ಲಿ ಉಳಿದಿರುವ ಆಂಟಿಬಯೋಟಿಕ್ ಮುಟ್ಟಬೇಡಿ. ಎತ್ತರದ ಕ್ಯಾಪನ್ನು ಅದು ತಗ್ಗಿಸುವುದಿಲ್ಲ, ಸಾಯುತ್ತಿರುವ ನರವನ್ನು ಉಳಿಸುವುದೂ ಇಲ್ಲ. ಮಾತ್ರೆಯನ್ನೇ ಹಲ್ಲಿನ ಬುಡದಲ್ಲಿ ಒತ್ತಿಟ್ಟುಕೊಳ್ಳುವುದು, ಲವಂಗದ ಎಣ್ಣೆಯನ್ನು ನೇರ ವಸಡಿಗೆ ಸುರಿಯುವುದು ಎರಡೂ ವಸಡನ್ನು ಸುಡುತ್ತವೆ.

ವಸಡು

ಅಚ್ಚು ತೆಗೆಯುವಾಗ ವಸಡನ್ನು ದಾರದಿಂದ ಸರಿಸಿರುತ್ತಾರೆ, ಎರಡು ಮೂರು ದಿನ ನೋವು, ಕೆಂಪು ಇರುತ್ತದೆ. ಒಂದು ಲೋಟ ಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಮೂರು ನಾಲ್ಕು ಸಲ ಮುಕ್ಕಳಿಸಿದರೆ ಸಾಕು. ಹತ್ತು ದಿನವಾದರೂ ಆ ಒಂದೇ ಜಾಗದಲ್ಲಿ ಉಜ್ಜಿದಾಗ ರಕ್ತ ಬರುತ್ತಿದ್ದರೆ ವಸಡಿನ ಅಡಿಯಲ್ಲಿ ಸಿಮೆಂಟಿನ ಚೂರು ಉಳಿದಿರಬಹುದು. ಫ್ಲಾಸ್, ಅಂದರೆ ಹಲ್ಲಿನ ಸಂದಿ ಶುಚಿ ಮಾಡುವ ದಾರ, ಹಾಕಿ ನೋಡಿ. ದಾರ ಒಂದೇ ಕಡೆ ತಡೆದು ನಾರು ನಾರಾಗಿ ಹರಿದು ಬಂದರೆ ಅಲ್ಲಿ ಸಿಮೆಂಟು ಅಥವಾ ಕ್ಯಾಪಿನ ಒರಟು ಅಂಚು ಇದೆ. ಅದನ್ನು ಮನೆಯಲ್ಲಿ ಕೆರೆಯಬೇಡಿ, ಕ್ಲಿನಿಕ್ಕಿನಲ್ಲಿ ಐದು ನಿಮಿಷದ ಕೆಲಸ. ಚೂರು ತೆಗೆದ ಮೇಲೂ ವಸಡು ಕೆಂಪಾಗಿಯೇ ಇದ್ದರೆ ಕ್ಯಾಪಿನ ಅಂಚು ವಸಡಿನ ಒಳಗೆ ತೀರಾ ಆಳಕ್ಕೆ ಇಳಿದಿರಬಹುದು. ಲೋಹದ ಕ್ಯಾಪಾದರೆ ನಿಕ್ಕಲಿನ ಅಲರ್ಜಿಯನ್ನೂ ಯೋಚಿಸಬೇಕು. ಕಡಿಮೆ ಬೆಲೆಯ ಓಲೆ, ಬೆಲ್ಟಿನ ಬಕಲ್ ತಾಗಿ ಚರ್ಮ ತುರಿಸುವವರು ಅದನ್ನು ಕ್ಯಾಪ್ ಮಾಡಿಸುವ ಮೊದಲೇ ಹೇಳಬೇಕು.

ಊಟವಾದ ಮೇಲೆ ಸಂದಿಯಲ್ಲಿ ಸಿಕ್ಕಿಕೊಳ್ಳುವುದು

ಮೊದಲು ಸಿಕ್ಕದಿದ್ದದ್ದು ಕ್ಯಾಪ್ ಹಾಕಿದ ಮೇಲೆ ಪ್ರತಿ ಊಟಕ್ಕೂ ಅದೇ ಸಂದಿಯಲ್ಲಿ ಸಿಕ್ಕುತ್ತಿದ್ದರೆ, ಪಕ್ಕದ ಹಲ್ಲಿಗೂ ಕ್ಯಾಪಿಗೂ ನಡುವಿನ ಸ್ಪರ್ಶ ಸಡಿಲವಾಗಿದೆ. ಫ್ಲಾಸ್ ಟಕ್ ಎಂದು ಸಣ್ಣ ತಡೆ ದಾಟಿ ಇಳಿಯಬೇಕು. ತಡೆಯೇ ಇಲ್ಲದೆ ಇಳಿದರೆ ಸಂದಿ ಬಿಟ್ಟಿದೆ, ಎಷ್ಟು ಒತ್ತಿದರೂ ಇಳಿಯದಿದ್ದರೆ ತೀರಾ ಬಿಗಿಯಾಗಿದೆ. ಬಿಟ್ಟ ಸಂದಿ ತಾನಾಗಿ ಮುಚ್ಚುತ್ತದೆ ಎಂದು ಕಾಯಬಾರದು. ಕೋಳಿಯ ನಾರು, ಬಸಳೆ, ಅಡಿಕೆಯ ಚೂರು ದಿನವೂ ಅಲ್ಲಿ ಕೊಳೆತು ವಸಡು ಇಳಿಯುತ್ತದೆ, ಪಕ್ಕದ ಒಳ್ಳೆಯ ಹಲ್ಲಿಗೂ ಹುಳುಕು ಹಿಡಿಯುತ್ತದೆ. ಕ್ಯಾಪನ್ನು ಲ್ಯಾಬಿಗೆ ಕಳಿಸಿ ಪಿಂಗಾಣಿ ಸೇರಿಸುವುದೋ, ಹೊಸದು ಮಾಡುವುದೋ, ಪಕ್ಕದ ಹಲ್ಲಿಗೆ ಫಿಲ್ಲಿಂಗ್ ಹಾಕಿ ಸರಿಪಡಿಸುವುದೋ ಡಾಕ್ಟರ ತೀರ್ಮಾನ. ಅಲ್ಲಿಯ ತನಕ ಫ್ಲಾಸ್ ಅಥವಾ ಸಂದಿಗೆಂದೇ ಇರುವ ಸಣ್ಣ ಬ್ರಶ್ ಬಳಸಿ. ಹಿಡಿಸೂಡಿಯ ಕಡ್ಡಿ, ಪಿನ್ನು, ಬೆಂಕಿಕಡ್ಡಿ ಹಾಕಿ ಕೆದಕಿದರೆ ಸಂದಿಯ ವಸಡು ಹರಿದು ಬಿಲ ಇನ್ನೂ ದೊಡ್ಡದಾಗುತ್ತದೆ.

ಕ್ಯಾಪ್ ಅಲುಗುತ್ತಿದೆ, ಅಥವಾ ಕಳಚಿ ಬಂತು

ಅಲುಗಾಟಕ್ಕೆ ಮೊದಲು ಬಾಯಿಯ ರುಚಿ ಸೂಚನೆ ಕೊಡುತ್ತದೆ. ಆ ಹಲ್ಲನ್ನು ನಾಲಿಗೆಯಿಂದ ಒತ್ತಿದಾಗ ಉಪ್ಪುಪ್ಪು ಅಥವಾ ಕೊಳೆತ ರುಚಿ ಬಂದರೆ, ಕಚ್ಚಿದಾಗ ಕ್ಲಿಕ್ ಎಂದರೆ ಸಿಮೆಂಟು ಒಡೆದು ಒಳಗೆ ಎಂಜಲು ನುಗ್ಗುತ್ತಿದೆ. ಅಲುಗುವ ಕ್ಯಾಪಿನ ಒಳಗೆ ಹುಳುಕು ಬಹಳ ಬೇಗ ಹಬ್ಬುತ್ತದೆ, ಅದಾಗಿ ಬೀಳಲಿ ಎಂದು ಕಾಯಬೇಡಿ.

ಕಳಚಿ ಬಂದರೆ ಕಾಗದದಲ್ಲಿ ಸುತ್ತಿಡಬೇಡಿ, ಕಸವೆಂದು ಯಾರಾದರೂ ಎಸೆಯುತ್ತಾರೆ. ಬಚ್ಚಲಿನ ತೂತು ಮುಚ್ಚಿ, ನೀರಿನಲ್ಲಿ ತೊಳೆದು, ಸಣ್ಣ ಡಬ್ಬಿಯಲ್ಲಿ ಹಾಕಿ. ಹಾಕುವ ಮೊದಲು ಒಳಭಾಗವನ್ನು ಬೆಳಕಿಗೆ ಹಿಡಿದು ನೋಡಿ. ಏಕೆ ಬಿತ್ತು ಎಂಬುದರ ಸಾಕ್ಷಿ ಅಲ್ಲೇ ಇದೆ.

ಒಳಗೆ ಬಿಳಿ ಅಥವಾ ಹಳದಿ ಸಿಮೆಂಟಿನ ಪದರ ಮಾತ್ರ ಇದ್ದು, ಬಾಯಲ್ಲಿ ಉಳಿದ ಹಲ್ಲಿನ ಮೋಟು ಗಟ್ಟಿಯಾಗಿ, ಶುಚಿಯಾಗಿ ಇದ್ದರೆ ಸಿಮೆಂಟು ಬಿಟ್ಟಿದೆ ಅಷ್ಟೆ. ಅದೇ ಕ್ಯಾಪನ್ನು ಮತ್ತೆ ಅಂಟಿಸಲು ಬರುತ್ತದೆ. ಒಳಗೆ ಕಂದು ಅಥವಾ ಕಪ್ಪಾದ, ಉಗುರಿನಿಂದ ಕೆರೆದರೆ ಏಳುವ ಮೆದು ಪದಾರ್ಥ ಇದ್ದು ವಾಸನೆ ಬರುತ್ತಿದ್ದರೆ ಹಲ್ಲಿಗೆ ಹುಳುಕು ಹಿಡಿದಿದೆ. ಹಳೆ ಕ್ಯಾಪ್ ಕೂರುವುದು ಸಂಶಯ. ಕ್ಯಾಪಿನ ಹೊಟ್ಟೆ ತುಂಬ ಗಟ್ಟಿ ತುಂಡು ಸಿಕ್ಕಿಕೊಂಡಿದ್ದು, ಬಾಯಲ್ಲಿ ಮೋಟೇ ಇಲ್ಲದೆ ವಸಡಿನ ಮಟ್ಟಕ್ಕೆ ಚಪ್ಪಟೆಯಾಗಿದ್ದರೆ ಹಲ್ಲೇ ಮುರಿದು ಕ್ಯಾಪಿನ ಜತೆ ಬಂದಿದೆ. ಆ ತುಂಡನ್ನು ಕಿತ್ತು ಎಸೆಯಬೇಡಿ, ಹಾಗೆಯೇ ಒಯ್ದು ತೋರಿಸಿ.

ಹೊಸ ಕ್ಯಾಪ್ ಎರಡು ಮೂರು ಸಲ ಕಳಚಿದರೆ ಮತ್ತೆ ಮತ್ತೆ ಸಿಮೆಂಟು ಹಾಕುವುದು ಪರಿಹಾರವಲ್ಲ. ದವಡೆ ಹಲ್ಲಿನಲ್ಲಿ ಉಜ್ಜಿ ಉಳಿದ ಮೋಟು ಕನಿಷ್ಠ 4 ಮಿಲಿಮೀಟರ್, ಮುಂದಿನ ಹಲ್ಲುಗಳಲ್ಲಿ 3 ಮಿಲಿಮೀಟರ್ ಎತ್ತರ ಇರಬೇಕು, ಮೇಲಕ್ಕೆ ಹೋದಂತೆ ತೀರಾ ಚೂಪಾಗಿರಬಾರದು. ಗಿಡ್ಡ ಮೋಟಿನ ಮೇಲೆ ಕ್ಯಾಪಿಗೆ ಹಿಡಿತವೇ ಇರುವುದಿಲ್ಲ. ‘ಮೋಟಿನ ಎತ್ತರ ಸಾಕಷ್ಟು ಇದೆಯೇ, ವಸಡು ಇಳಿಸಿ ಉದ್ದ ಮಾಡಬೇಕೇ?’ ಎಂದು ನೇರವಾಗಿ ಕೇಳಿ. ಕೇಳುವ ಹಕ್ಕು ನಿಮಗಿದೆ.

ಮೆಡಿಕಲ್‌ನಲ್ಲಿ ಹಲ್ಲಿನ ತಾತ್ಕಾಲಿಕ ಸಿಮೆಂಟು ಸಿಕ್ಕಿದರೆ, ಕ್ಯಾಪ್ ಒತ್ತದೆಯೇ ಸರಿಯಾಗಿ ಕೂರುವುದಾದರೆ, ಒಂದೆರಡು ದಿನದ ಮಟ್ಟಿಗೆ ಇಟ್ಟುಕೊಳ್ಳಬಹುದು. ಮೊದಲು ಖಾಲಿ ಕ್ಯಾಪನ್ನೇ ಹಾಕಿ ದಿಕ್ಕು ಗೊತ್ತುಮಾಡಿಕೊಳ್ಳಿ, ತಿರುಗುಮುರುಗಾಗಿ ಅಂಟಿಸಿದರೆ ಕಚ್ಚಲಾಗುವುದಿಲ್ಲ. ಫೆವಿಕ್ವಿಕ್ ಮಾತ್ರ ಖಂಡಿತ ಬೇಡ. ಅದು ವಸಡನ್ನು ಸುಡುತ್ತದೆ, ಕ್ಯಾಪ್ ಓರೆಯಾಗಿ ಕಚ್ಚಿಕೊಂಡು ಕೂರುತ್ತದೆ, ಆಮೇಲೆ ಅದನ್ನು ಒಡೆದೇ ತೆಗೆಯಬೇಕು. ಸಿಮೆಂಟು ಇಲ್ಲದೆ ಸುಮ್ಮನೆ ಕೂರಿಸಿಕೊಂಡು ಮಲಗಬೇಡಿ. ನಿದ್ದೆಯಲ್ಲಿ ಶ್ವಾಸನಾಳಕ್ಕೆ ಇಳಿದರೆ ಪ್ರಾಣಾಪಾಯ. ನುಂಗಿ ಹೊಟ್ಟೆಗೆ ಹೋದದ್ದಾದರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಮಲದೊಂದಿಗೆ ಹೋಗುತ್ತದೆ, ಆದರೂ ಡಾಕ್ಟರಿಗೆ ತಿಳಿಸಿ. ನುಂಗಿದ ಮೇಲೆ ಬಿಡದ ಕೆಮ್ಮು, ಎದೆಯಲ್ಲಿ ಸೀಟಿಯಂಥ ಸದ್ದು, ಉಸಿರು ಕಟ್ಟಿದಂತೆ ಆದರೆ ಕೂಡಲೇ ಆಸ್ಪತ್ರೆ.

ರೂಟ್ ಕೆನಾಲ್ ಆದ ಹಲ್ಲು ಕ್ಯಾಪ್ ಇಲ್ಲದೆ ಇದ್ದರೆ ಉದ್ದಕ್ಕೆ ಸೀಳುವ ಭಯವಿದೆ, ಸೀಳಿದರೆ ಕೀಳುವುದೇ ದಾರಿ. ಆ ಬದಿಯಲ್ಲಿ ಒಂದು ತುತ್ತೂ ಅಗಿಯದೆ ಎರಡು ದಿನದೊಳಗೆ ಹೋಗಿ. ಹಾಕಿದ್ದು ಪ್ಲಾಸ್ಟಿಕ್ಕಿನಂಥ ತಾತ್ಕಾಲಿಕ ಕ್ಯಾಪಾಗಿದ್ದರೂ ಇದೇ ಅವಸರ. ಅದು ಇಲ್ಲದಿದ್ದರೆ ಅಕ್ಕಪಕ್ಕದ ಹಲ್ಲುಗಳು ಆ ಜಾಗಕ್ಕೆ ವಾಲುತ್ತವೆ, ಲ್ಯಾಬಿನಿಂದ ಬಂದ ಕ್ಯಾಪ್ ಕೂರುವುದಿಲ್ಲ. ತಾತ್ಕಾಲಿಕ ಕ್ಯಾಪಿನ ಪಕ್ಕ ಫ್ಲಾಸ್ ಹಾಕಿದರೆ ಮೇಲಕ್ಕೆ ಎಳೆಯದೆ ಪಕ್ಕಕ್ಕೆ ಎಳೆದು ತೆಗೆಯಿರಿ.

ಚಕ್ಕೆ, ಕಪ್ಪು ಗೆರೆ

ಪಿಂಗಾಣಿಯ ಸಣ್ಣ ಚಕ್ಕೆ ಎದ್ದರೆ ನುಣುಪು ಮಾಡಿಸಬಹುದು, ಒಳಗಿನ ಲೋಹ ಕಂಡರೆ ದುರಸ್ತಿಯೋ ಬದಲಿಯೋ ಬೇಕು. ವಸಡಿನ ಅಂಚಿನಲ್ಲಿ ಕಾಣುವ ಬೂದು ಗೆರೆ ಲೋಹದ ಮೇಲೆ ಪಿಂಗಾಣಿ ಕಟ್ಟಿದ ಕ್ಯಾಪಿನ ಸ್ವಭಾವ, ರೋಗವಲ್ಲ.

ಅಡಿಕೆಯ ಊರಿನಲ್ಲಿ ಕ್ಯಾಪ್

ನಮ್ಮ ಕಡೆ ತೋಟವೂ ಅಡಿಕೆಯದ್ದೇ, ಊಟವಾದ ಮೇಲಿನ ತಟ್ಟೆಯೂ ಅದರದ್ದೇ. ಆದರೂ ಹೇಳಲೇಬೇಕು: ಚಾಲಿ ಅಡಿಕೆಯ ಹೋಳನ್ನು ಕ್ಯಾಪಿನ ಹಲ್ಲಿನಿಂದ ಒಡೆದರೆ ಪಿಂಗಾಣಿ ಚಕ್ಕೆ ಏಳುತ್ತದೆ. ಜಿರ್ಕೋನಿಯ ಒಡೆಯದಿರಬಹುದು, ಆದರೆ ಅಡಿಯ ಹಲ್ಲು ಬಿರಿಯಬಹುದು. ಅಡಿಕೆಯ ನಾರು ಅಂಚಿಗೆ ಸಿಕ್ಕಿ ವಸಡನ್ನು ಕೆಣಕುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅಗಿಯುವುದನ್ನು ಬಿಡಲು ಒಂದು ಕಾರಣ ಹುಡುಕುತ್ತಿದ್ದವರಿಗೆ ಹೊಸ ಕ್ಯಾಪ್ ಒಳ್ಳೆಯ ಕಾರಣ. ಐಸ್ ತುಂಡು, ಕೋಳಿಯ ಎಲುಬು, ಬಾಟ್ಲಿಯ ಮುಚ್ಚಳ ಕಚ್ಚುವುದೂ ಇದೇ ಪಟ್ಟಿಗೆ ಸೇರುತ್ತವೆ. ಬೆಳಿಗ್ಗೆ ಏಳುವಾಗ ದವಡೆ ಬಿಗಿದಿದ್ದರೆ, ರಾತ್ರಿ ಹಲ್ಲು ಕಡಿಯುತ್ತೀರಿ ಎಂದು ಮನೆಯವರು ಹೇಳಿದರೆ ಮಲಗುವಾಗ ಹಾಕುವ ನೈಟ್ ಗಾರ್ಡ್ ಮಾಡಿಸಿಕೊಳ್ಳಿ.

ಕ್ಯಾಪಿಗೆ ಹುಳುಕು ಹಿಡಿಯುವುದಿಲ್ಲ ಎಂಬುದು ನಿಜ. ಆದರೆ ಕ್ಯಾಪ್ ಮುಗಿದು ಹಲ್ಲು ಶುರುವಾಗುವ ಅಂಚಿಗೆ ಹಿಡಿಯುತ್ತದೆ. ಬ್ರಶ್ಶನ್ನು ವಸಡಿನ ಕಡೆಗೆ 45 ಡಿಗ್ರಿ ಓರೆಯಾಗಿ ಹಿಡಿದು, ಫ್ಲೋರೈಡ್ ಇರುವ ಪೇಸ್ಟ್ ಹಾಕಿ, ದಿನಕ್ಕೆ ಎರಡು ಸಲ ಎರಡೆರಡು ನಿಮಿಷ ಉಜ್ಜಿ. ರಾತ್ರಿ ಒಮ್ಮೆ ಫ್ಲಾಸ್.

ವಾಪಸ್ ಹೋಗುವಾಗ ಒಯ್ಯಬೇಕಾದ್ದು

ಹಲ್ಲಿನ ಸಂಖ್ಯೆ (ಕೆಳಗಿನ ಎಡಬದಿಯ ಮೊದಲ ದೊಡ್ಡ ದವಡೆ ಹಲ್ಲಾದರೆ 36, ಬಲಬದಿಯದ್ದು 46), ರೂಟ್ ಕೆನಾಲ್ ಆಗಿದೆಯೇ, ಕ್ಯಾಪ್ ಯಾವುದರದ್ದು, ಯಾವ ಸಿಮೆಂಟು, ಯಾವ ದಿನ ಕೂರಿಸಿದ್ದು ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ, ಎಕ್ಸ್‌ರೇಯ ಫೋಟೋ ಮೊಬೈಲಿನಲ್ಲಿರಲಿ. ಗಡಿಯ ಆಚೆ ಹಾಕಿಸಿದ ಕ್ಯಾಪಿಗೆ ಈಚೆ ಎತ್ತರ ಇಳಿಸಿಕೊಳ್ಳಬೇಕಾಗಿ ಬಂದರೆ ಈ ಚೀಟಿಯೇ ಆಧಾರ.

ಕಾಸರಗೋಡಿನ ಕ್ಲಿನಿಕ್ಕಿನಲ್ಲಿ ಡಾಕ್ಟರಿಗೆ ಕನ್ನಡ ಬಾರದಿದ್ದರೆ, ಮಲಯಾಳದಲ್ಲಿ ಸಲೀಸಾಗಿ ಮಾತಾಡಲು ಬಾರದ ಹಿರಿಯರು ‘ನೋವು, ನೋವು’ ಎಂದಷ್ಟೇ ಹೇಳಿ ಎದ್ದು ಬರಬೇಕಾಗಬಾರದು. ಇಷ್ಟನ್ನು ಅವರಿಗೆ ಬರೆದುಕೊಡಿ: ಕಚ್ಚುವಾಗ ನೋವು ಎಂಬುದಕ್ಕೆ ‘ಕಡಿಕ್ಕುಂಬೋಳ್ ವೇದನ’. ತಣ್ಣನೆಯದಕ್ಕೆ ಹಲ್ಲು ಜುಂ ಎನ್ನುವುದಕ್ಕೆ ‘ಪಲ್ಲ್ ಪುಳಿಪ್ಪ್’. ಕ್ಯಾಪ್ ಎತ್ತರವಾಗಿದೆ ಎನ್ನಲು ‘ಕ್ಯಾಪಿನ್ ಪೊಕ್ಕಂ ಕೂಡುದಲಾಣ್’. ರಾತ್ರಿ ನೋವು ಇದ್ದರೆ ‘ರಾತ್ರಿ ವೇದನಯುಂಡ್’.